ಉಪ್ಪು ಬಿಟ್ಟುಹೋದ ಜಾಗದಲ್ಲಿ ಮೂಳೆ

ಗಾರೆಯವರು ಗೋಡೆ ಏರಿಸುವಾಗ ಸಾರ್ವೆ ಕಟ್ಟುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಸವೆದ ಮೂಳೆಯ ಜಾಗದಲ್ಲಿ ಹೊಸದು ಬೆಳೆಸಲು ಜೀವಕೋಶಗಳಿಗೂ ಅಂಥದ್ದೇ ಬೇಕು. ಆದರೆ ಇದನ್ನು ಬಿಚ್ಚುವವರಿಲ್ಲ, ದೇಹದೊಳಗೆ ತಾನಾಗಿಯೇ ಕರಗಬೇಕು. ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಸಾರ್ವೆಗಳ ಸಂಶೋಧನೆ ನಡೆಯುತ್ತದೆ. ತಯಾರಿಸುವ ದಾರಿಗಳು ಹಲವು. ತೀರಾ ಸರಳವಾದದ್ದು ಉಪ್ಪಿನದು: ಪಾಲಿಮರ್‌ಗೆ ಉಪ್ಪಿನ ಹರಳು ಬೆರೆಸಿ, ಗಟ್ಟಿಯಾದ ಮೇಲೆ ಉಪ್ಪನ್ನು ನೀರಲ್ಲಿ ಕರಗಿಸಿ ತೆಗೆದರೆ, ಅದು ಬಿಟ್ಟುಹೋದ ತೂತುಗಳಲ್ಲಿ ಜೀವಕೋಶಗಳು ಬೆಳೆಯುತ್ತವೆ. ಹಾಗೆಂದು ಮನೆಯಲ್ಲಿ ಕೈಹಾಕಬೇಡಿ, ಪಾಲಿಮರ್ ಕರಗಿಸಲು ಬಳಸುವ ಕ್ಲೋರೋಫಾರ್ಮ್‌ನ ಆವಿ ಒಳ್ಳೆಯದಲ್ಲ. ಪ್ರಯೋಗಾಲಯದಲ್ಲಿ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ ಒಳಗೇ ಮಾಡಬೇಕು.

ಮೊದಲು ಪಾಲಿಮರ್. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳು ಸೇರಿದ ಪಿಎಲ್‌ಜಿಎ ಎರಡೂ ಸಮಪಾಲಿದ್ದರೆ ಒಂದೆರಡು ತಿಂಗಳಲ್ಲಿ ಕರಗುತ್ತದೆ. ಪಿಸಿಎಲ್ ಎಂಬ ಇನ್ನೊಂದು ಪಾಲಿಮರ್‌ಗೆ ಎರಡು ವರ್ಷಕ್ಕೂ ಹೆಚ್ಚು ಬೇಕು. ಪಿಎಲ್‌ಜಿಎಗೆ ತೇವ ಆಗದು. ಫ್ರೀಜರ್‌ನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ನಮ್ಮೂರ ಮಳೆಗಾಲದಲ್ಲಂತೂ ಇದನ್ನು ಮರೆಯಲೇಬಾರದು.

1 ಗ್ರಾಂ ಪಾಲಿಮರನ್ನು 10 ಮಿ.ಲೀ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ. ಶುದ್ಧ ಸೋಡಿಯಂ ಕ್ಲೋರೈಡನ್ನು ಜರಡಿ ಹಿಡಿದು, 250ರಿಂದ 425 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಗಾತ್ರದ ಹರಳುಗಳನ್ನಷ್ಟೇ ಉಳಿಸಿಕೊಂಡು 9 ಗ್ರಾಂ ಬೆರೆಸಿ. ಇಷ್ಟೊಂದು ಉಪ್ಪೇಕೆ? ಹರಳಿಗೆ ಹರಳು ತಾಗಿದರೆ ಮಾತ್ರ ತೂತಿಗೆ ತೂತು ಸೇರುತ್ತದೆ. ಉಪ್ಪು ಕಡಿಮೆಯಾದರೆ ಪ್ರತಿ ಹರಳೂ ಪಾಲಿಮರ್ ಗೋಡೆಯೊಳಗೆ ಬಂದಿ. ಅದು ಹೊರಬರದು, ಜೀವಕೋಶವೂ ಒಳಹೋಗದು. ತೂಕದಲ್ಲಿ ಉಪ್ಪು ಶೇ 90 ಇದ್ದರೂ ಅದರ ಸಾಂದ್ರತೆ ಹೆಚ್ಚು, ಹಾಗಾಗಿ ಲೆಕ್ಕ ಹಾಕಿದರೆ ಖಾಲಿ ಜಾಗ ಸುಮಾರು ಶೇ 84.

ಮಿಶ್ರಣವನ್ನು ಗಾಜಿನ ಅಥವಾ ಟೆಫ್ಲಾನ್ ತಟ್ಟೆಗೆ ಸುರಿಯಿರಿ. ಸಾಮಾನ್ಯ ಪ್ಲಾಸ್ಟಿಕ್ ಪೆಟ್ರಿ ತಟ್ಟೆಗೆ ಸುರಿದರೆ ತಟ್ಟೆಯೇ ಕರಗಿ ಅಂಟುತ್ತದೆ, ಹೊಸಬರು ಎಡವುವುದು ಇಲ್ಲೇ. ದಪ್ಪ ಎರಡು ಮೂರು ಮಿ.ಮೀ. ಸಾಕು. ಕ್ಲೋರೋಫಾರ್ಮ್ ಆರಿದ ಮೇಲೆ ನಿರ್ವಾತದಲ್ಲಿ ಒಣಗಿಸಿ. ಬೇಗ ಆಗಲಿ ಎಂದು ಬಿಸಿ ಒವನ್‌ಗೆ ಇಟ್ಟರೆ 45–50 ಡಿಗ್ರಿಯಲ್ಲೇ ಪಿಎಲ್‌ಜಿಎ ಮೆತ್ತಗಾಗಿ ಕೆಡುತ್ತದೆ.

ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ದಿನ ನೆನೆಸಿ, ಆರೇಳು ಗಂಟೆಗೊಮ್ಮೆ ನೀರು ಬದಲಿಸಿ. ಬೋರ್‌ವೆಲ್ ನೀರು ಬೇಡ, ಅದರಲ್ಲೇ ಲವಣಗಳಿವೆ. ತೆಗೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಬೆಳ್ಳಗಾದರೆ ಉಪ್ಪು ಇನ್ನೂ ಬರುತ್ತಿದೆ. ಒಳಗೆ ಸಿಕ್ಕಿಕೊಂಡ ಉಪ್ಪನ್ನು ಈ ಪರೀಕ್ಷೆ ಹೇಳದು, ತಕ್ಕಡಿ ಹೇಳುತ್ತದೆ: ಒಣಗಿಸಿ ತೂಗಿದಾಗ 1 ಗ್ರಾಂಗಿಂತ ಹೆಚ್ಚಿದ್ದರೆ ಕೆಲಸ ಬಾಕಿ ಇದೆ.

ಕ್ರಿಮಿಮುಕ್ತಗೊಳಿಸಲು ಆಟೋಕ್ಲೇವ್ (ಒತ್ತಡದ ಹಬೆಯ ಪಾತ್ರೆ) ಬೇಡ, 121 ಡಿಗ್ರಿಗೆ ತೂತುಗಳೆಲ್ಲ ಕುಸಿಯುತ್ತವೆ. ಎಥಿಲೀನ್ ಆಕ್ಸೈಡ್ ಅನಿಲ ಇಲ್ಲವೇ ಗಾಮಾ ಕಿರಣ ಬಳಸುವುದು ವಾಡಿಕೆ.

ಇಡ್ಲಿ ಸಾಂಬಾರ್ ಹೀರಿದಂತೆ ಈ ಸಾರ್ವೆಯ ಬಿಲ್ಲೆ ನೀರು ಹೀರುತ್ತದೆ ಎಂದುಕೊಂಡರೆ ತಪ್ಪು. ಪಿಎಲ್‌ಜಿಎಗೆ ನೀರು ಅಂಟದು, ಒಳಗೆ ಗಾಳಿ ತುಂಬಿಕೊಂಡು ಬಿಲ್ಲೆ ತೇಲುತ್ತದೆ. ಮೊದಲು ಎಥನಾಲ್‌ನಲ್ಲಿ ಅದ್ದಿ, ನಂತರ ಕ್ರಿಮಿಮುಕ್ತ ನೀರಲ್ಲಿ ಹಲವು ಸಲ ತೊಳೆಯಿರಿ. ಬಿಲ್ಲೆ ತಳ ಸೇರಿದ ಮೇಲೆ ಜೀವಕೋಶಗಳನ್ನು ಬಿತ್ತಬಹುದು.