ಒಂದು ಎಕರೆ ಕಬ್ಬು: ಕೈಯಲ್ಲಿ ಉಳಿದದ್ದೆಷ್ಟು? ಲೆಕ್ಕ ಹಾಕುವುದು ಹೀಗೆ

ಕಾರ್ಖಾನೆಯ ಬಿಲ್ಲು ಬಂದಾಗ ಮಂಡ್ಯ ಕಡೆ ಎಲ್ಲರೂ ಕೇಳುವುದು "ಎಕರೆಗೆ ಎಷ್ಟು ಟನ್ ಬಂತು?" ಅಂತ. ಟನ್ನಿನ ಲೆಕ್ಕ ಹೊಗಳಿಕೆಗೆ ಸಾಕು, ಸಂಸಾರಕ್ಕೆ ಸಾಲದು. ಒಂದು ನೋಟ್‌ಬುಕ್, ಒಂದು ಪೆನ್ನು ತಗೊಳ್ಳಿ. ಮೊಬೈಲ್‌ನಲ್ಲೇ ಬರೆದಿಟ್ಟುಕೊಂಡರೂ ಸರಿ.

ಮೊದಲು ಆದಾಯ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಟನ್ನಿಗೆ 3,550 ರೂಪಾಯಿ. ಆದರೆ ಅದು ಸಕ್ಕರೆ ಇಳುವರಿ (ಅರೆದ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಶೇ 10.25 ಇದ್ದರೆ ಮಾತ್ರ. ಶೇ 9.5 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ 3,290 ರೂಪಾಯಿ 50 ಪೈಸೆ. ಈ ಇಳುವರಿ ನಿಮ್ಮ ಗದ್ದೆಯದ್ದಲ್ಲ, ಇಡೀ ಕಾರ್ಖಾನೆಯದ್ದು. ಹಾಗಾಗಿ ಕಡಿಮೆ ದರ ಹಿಡಿದೇ ಲೆಕ್ಕ ಶುರು ಮಾಡುವುದು ಕ್ಷೇಮ. ಇನ್ನೊಂದು ವಿಷಯ: ಇದು ಕಾರ್ಖಾನೆಯ ಗೇಟಿನ ದರ. ಕಟಾವು, ಸಾಗಣೆ ನಿಮ್ಮ ತಲೆಯ ಮೇಲೆ.

ಎಕರೆಗೆ 40 ಟನ್ ಬಂತು, ಕಟಾವು-ಸಾಗಣೆ ಟನ್ನಿಗೆ 900 ರೂಪಾಯಿ ಅಂದುಕೊಳ್ಳಿ. ಇದು ಬರೀ ಉದಾಹರಣೆ, ನಿಮ್ಮೂರಿನ ಗ್ಯಾಂಗು ಕೇಳುವ ದರ ಹಾಕಿಕೊಳ್ಳಿ. ಒಟ್ಟು 1,31,620 ರೂಪಾಯಿಯಲ್ಲಿ 36,000 ಹೋಗಿ 95,620 ಉಳಿಯಿತು. ಜಾಸ್ತಿ ಜನ ಲೆಕ್ಕ ನಿಲ್ಲಿಸುವುದು ಇಲ್ಲೇ.

ಈಗ ಖರ್ಚು. ಇದನ್ನು ಮೂರು ಕಡೆ ಬೇರೆ ಬೇರೆ ಬರೆಯಿರಿ. ಎಂಎಸ್‌ಪಿ (ಬೆಂಬಲ ಬೆಲೆ), ಎಫ್‌ಆರ್‌ಪಿ ಶಿಫಾರಸು ಮಾಡುವ ಕೇಂದ್ರದ ಆಯೋಗ ಹಾಕುವ ಲೆಕ್ಕವೂ ಸುಮಾರಾಗಿ ಹೀಗೇ ಇರುತ್ತದೆ.

ಮೊದಲನೆಯದು ಜೇಬಿನಿಂದ ಹೋದ ದುಡ್ಡು. ಉಳುಮೆ, ಬಿತ್ತನೆ ಕಬ್ಬು, ಗೊಬ್ಬರ, ಔಷಧಿ, ಕೂಲಿ, ಪಂಪ್‌ಸೆಟ್ ರಿಪೇರಿ. ಎಲ್ಲ ಸೇರಿ 45,000 ಅಂದುಕೊಳ್ಳೋಣ. ಇದಕ್ಕೆ ಬಡ್ಡಿ ಸೇರಿಸುವುದನ್ನು ಮರೆಯಬೇಡಿ. ಸಾಲ ಮಾಡದೆ ಇದ್ದರೂ ಸೇರಿಸಿ, ಆ ದುಡ್ಡು ವರ್ಷವೆಲ್ಲ ಗದ್ದೆಯಲ್ಲೇ ಕೂತಿತ್ತು ಅಲ್ವಾ? ಸರಾಸರಿ ಆರು ತಿಂಗಳಿಗೆ, ಶೇ 10ರಂತೆ 2,250. ಒಟ್ಟು 47,250. ಕೂಳೆ ಬಿಡುವವರು, ಅಂದರೆ ಕಟಾವಾದ ಬುಡದಿಂದಲೇ ಮತ್ತೆ ಬೆಳೆ ತೆಗೆಯುವವರು, ಬಿತ್ತನೆ ಕಬ್ಬು ಮತ್ತು ಉಳುಮೆಯ ಖರ್ಚನ್ನು ತನಿ ಬೆಳೆ (ಹೊಸದಾಗಿ ನೆಟ್ಟದ್ದು), ಕೂಳೆ ಬೆಳೆ ಎರಡಕ್ಕೂ ಹಂಚಿ. ಇಲ್ಲದಿದ್ದರೆ ತನಿ ಬೆಳೆ ಸುಮ್ನೆ ಕೆಟ್ಟದಾಗಿ, ಕೂಳೆ ಸುಮ್ನೆ ಒಳ್ಳೆಯದಾಗಿ ಕಾಣುತ್ತದೆ.

ಎರಡನೆಯದು ಮನೆಯವರ ದುಡಿಮೆ. ನೀರು ಕಟ್ಟಲು ರಾತ್ರಿ ಎದ್ದು ಹೋದದ್ದು, ಹೆಂಗಸರು ಕಳೆ ಕಿತ್ತದ್ದು, ಮುಯ್ಯಾಳಾಗಿ (ಅವರು ನಮ್ಮಲ್ಲಿ ದುಡಿದದ್ದಕ್ಕೆ ನಾವು ಅವರಲ್ಲಿ ದುಡಿದು) ತೀರಿಸಿದ ದಿನಗಳು, ಎಲ್ಲವೂ ಲೆಕ್ಕಕ್ಕೆ ಬರಬೇಕು. 40 ಆಳು (ಒಬ್ಬರ ಒಂದು ದಿನದ ಕೆಲಸ ಒಂದು ಆಳು), ಆಳಿಗೆ 500ರಂತೆ 20,000. ಹೆಂಗಸರ ಆಳನ್ನು ಅರ್ಧಕ್ಕೆ ಹಿಡಿಯುವ ಚಾಳಿ ಈ ನೋಟ್‌ಬುಕ್‌ಗೆ ಬೇಡ.

ಮೂರನೆಯದು ಭೂಮಿಯ ಬಾಡಿಗೆ. ಪಕ್ಕದ ಗದ್ದೆ ಯಾವ ದರಕ್ಕೆ ಗುತ್ತಿಗೆ ಹೋಗುತ್ತದೆಯೋ ಅದನ್ನು ಬರೆಯಿರಿ. 20,000 ಅಂತಿಟ್ಟುಕೊಳ್ಳಿ. "ನಮ್ಮದೇ ಜಮೀನು, ಬಾಡಿಗೆ ಯಾಕೆ?" ಅನ್ನುವವರಿಗೆ ಉತ್ತರ ಸುಲಭ: ಕೂತಲ್ಲೇ ಬರಬಹುದಾದ ದುಡ್ಡು ಅದು, ಬೆಳೆ ಅದಕ್ಕಿಂತ ಹೆಚ್ಚು ತರಬೇಕು.

95,620ರಲ್ಲಿ ಮೂರನ್ನೂ ಕಳೆದರೆ ಉಳಿಯುವುದು 8,370. ಹನ್ನೆರಡು ತಿಂಗಳ ಬೆಳೆಯಾದರೆ ತಿಂಗಳಿಗೆ 700 ರೂಪಾಯಿಗೂ ಕಮ್ಮಿ. ಬೋರ್‌ವೆಲ್ ತೋಡಿಸಿದ ಖರ್ಚನ್ನು ಇನ್ನೂ ಮುಟ್ಟಿಯೇ ಇಲ್ಲ.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮುಂದಿನ ಹೆಜ್ಜೆ. ಕಟಾವು-ಸಾಗಣೆ ಕಳೆದು ಟನ್ನಿಗೆ ನಿಮ್ಮ ಕೈಗೆ ಬರುವುದು 2,390 ರೂಪಾಯಿ. ಖರ್ಚನ್ನು ಇದರಿಂದ ಭಾಗಿಸಿ. ಜೇಬಿನ ಖರ್ಚು ಹುಟ್ಟಲು ಸುಮಾರು 20 ಟನ್ ಬೇಕು. ಮನೆಯವರ ಕೂಲಿಯೂ ಹುಟ್ಟಲು 28. ಭೂಮಿಯ ಬಾಡಿಗೆಯೂ ಸೇರಿದರೆ 37. ನಾಟಿಗೆ ಮೊದಲೇ ಈ ಮೂರು ಅಂಕಿಗಳು ಗೊತ್ತಿರಬೇಕು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ಅಣೆಕಟ್ಟೆ ತುಂಬದೇ ಹೋಯಿತಲ್ಲ, ಅಂಥ ವರ್ಷ ಇಳುವರಿ 25 ಟನ್ನಿಗೆ ಇಳಿದರೆ ಈ ಲೆಕ್ಕದಲ್ಲಿ ಮನೆಯವರ ಕೂಲಿಯೂ ಪೂರ್ತಿ ಹುಟ್ಟುವುದಿಲ್ಲ.

ನೀರಿಗೂ ಒಂದು ಪುಟ ಬಿಡಿ. ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನು ಯಾರೂ ಲೀಟರ್ ಲೆಕ್ಕದಲ್ಲಿ ಮಾರುವುದಿಲ್ಲ, ಹಾಗಾಗಿ ಅದು ಬಿಲ್ಲಿನಲ್ಲಿ ಕಾಣುವುದೂ ಇಲ್ಲ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಅದು ಒಂದು ಲಕ್ಷ ಲೀಟರ್ ದಾಟುತ್ತದೆ. ಕಬ್ಬಿಗೆ ಮಳೆಯೂ ಸೇರಿ 1,500ರಿಂದ 2,500 ಮಿಲಿಮೀಟರ್ ಬೇಕು. 2,000 ಹಿಡಿದರೂ ಎಕರೆಗೆ 80 ಲಕ್ಷ ಲೀಟರ್. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿ ಪೂರ್ತಿ ತುಂಬಿದ ವರ್ಷ ಈ ಪುಟ ನೋಡುವ ಅಗತ್ಯ ಬೀಳದಿರಬಹುದು. ಮಟ್ಟ ಏರದ ವರ್ಷ ಮಾತ್ರ ಎಲ್ಲ ಗದ್ದೆಗೂ ಕಬ್ಬು ಹಾಕದೆ ಸ್ವಲ್ಪ ಜಾಗವನ್ನು ರಾಗಿಗೆ ಬಿಡುವುದು ಜಾಣತನ.

ಕಬ್ಬನ್ನು ಕಾರ್ಖಾನೆಯ ಬದಲು ಬೆಲ್ಲ ಮಾಡುವ ಆಲೆಮನೆಗೆ ಹಾಕುವ ಯೋಚನೆ ಇದ್ದರೆ ಹೋಲಿಕೆ ಸುಲಭ. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕ್ವಿಂಟಲ್ ಬೆಲ್ಲ. ಮಂಡ್ಯ ಎಪಿಎಂಸಿಯ ಅವತ್ತಿನ ಕ್ವಿಂಟಲ್ ದರದಲ್ಲಿ ಕಟಾವು, ಗಾಡಿ, ಅರೆಯುವ ಖರ್ಚು ಕಳೆದು, ಉಳಿದದ್ದನ್ನು ಆ 2,390ರ ಪಕ್ಕ ಇಟ್ಟು ನೋಡಿ. ಆಲೆಮನೆಯ ದುಡ್ಡು ಬೇಗ ಕೈಗೆ ಸಿಗುತ್ತದೆ ಅನ್ನುವುದಕ್ಕೂ ಬೆಲೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ನಮ್ಮ ಉದಾಹರಣೆಯ 95,620ಕ್ಕೆ ಅದು ತಿಂಗಳಿಗೆ 1,195 ರೂಪಾಯಿ ಆಗುತ್ತದೆ. ಕಬ್ಬು ತೂಗಿದ ತಾರೀಖಿನ ಚೀಟಿಯನ್ನು ನೋಟ್‌ಬುಕ್‌ಗೆ ಪಿನ್ ಮಾಡಿಡಿ, ಬಡ್ಡಿ ಕೇಳುವಾಗ ಬೇಕಾಗುವುದು ಅದೇ.