ಕೆರೆಗೆ ಕೆಮಿಕಲ್ ನೀರು ಬಿಡ್ತಿದಾರಾ? ದೂರು ಬರೆಯೋ ಮುಂಚೆ ಇಷ್ಟು ಮಾಡಿ

ಮಳೆ ಬಂದ ರಾತ್ರೀನೇ ಬಿಡೋದು ಕಣ್ರೀ. ಹಗಲೊತ್ತು ಹೋಗಿ ನೋಡಿದ್ರೆ ಫ್ಯಾಕ್ಟರಿ ಹಿಂದಿನ ಹಳ್ಳ ಒಣಗಿ ಬಿದ್ದಿರತ್ತೆ, ಮಳೆ ಬಂದು ಬೆಳಗಾದ್ರೆ ಕೋಡಿ ಹತ್ರ ನೊರೆ, ಮೀನು ಹೊಟ್ಟೆ ಮೇಲಾಗಿ ತೇಲ್ತಿರ್ತವೆ. ನಮ್ಮೂರಲ್ಲಿ ಮೊದಲ ಸಲ ಅರ್ಜಿ ಕೊಟ್ಟಾಗ "ಕೆರೆ ಕೆಟ್ಟುಹೋಗಿದೆ, ದಯಮಾಡಿ ಕ್ರಮ ಕೈಗೊಳ್ಳಿ" ಅಂತ ಬರೆದು ಮನೆಮನೆಗೂ ಹೋಗಿ ಸೈನ್ ಹಾಕಿಸ್ಕೊಂಡು ಬಂದ್ವಿ, ಆದ್ರೆ ಯಾವತ್ತು, ಎಷ್ಟೊತ್ತಿಗೆ, ಯಾವ ಮೋರಿಯಿಂದ ಅಂತ ಒಂದಕ್ಷರ ಇಲ್ಲ. ನೋಡೋಕೆ ಬಂದವರು ಬಿಸಿಲಲ್ಲಿ ಬಂದ್ರು, ಒಣ ಹಳ್ಳ ನೋಡಿದ್ರು, ಹೋದ್ರು. ತಪ್ಪು ನಮ್ದೇ, ಇನ್ಯಾರನ್ನ ಬೈಯೋಣ.

ಅದಕ್ಕೆ ಮೊದಲು ಒಂದು ನೋಟ್‌ಬುಕ್ ಇಡಿ. ತಾರೀಕು, ಟೈಮು, ಮಳೆ ಇತ್ತಾ ಇಲ್ವಾ, ನೀರಿನ ಬಣ್ಣ, ವಾಸನೆ (ಕೊಳೆತ ಮೊಟ್ಟೆ ಥರಾನಾ, ಪೇಂಟ್ ಥರಾನಾ), ಯಾವ ಪೈಪು. ಫೋಟೋಗೆ ಜಾಗ ಮತ್ತು ಟೈಮ್ ಬೀಳೋ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕ್ಕೊಳ್ಳಿ. ಟ್ಯಾಂಕರ್ ತಂದು ಸುರೀತಿದ್ರೆ ನಂಬರ್ ಪ್ಲೇಟ್ ಕಾಣೋ ಹಂಗೆ ದೂರದಿಂದಲೇ ವಿಡಿಯೋ ಮಾಡಿ 112ಕ್ಕೆ ಫೋನ್ ಮಾಡಿ, ಒಬ್ಬರೇ ಹೋಗಿ ಅಡ್ಡ ಹಾಕೋ ಹೀರೋಗಿರಿ ಬೇಡ. ಕಾಂಪೌಂಡ್ ಹಾರಬೇಡಿ, ಆಮೇಲೆ ಕೇಸ್ ನಿಮ್ಮ ಮೇಲೇ ಬೀಳತ್ತೆ. ಎರಡು ಮೂರು ವಾರ ಬರೆದ್ರೆ ಸಾಕು, ವಾರದ ಯಾವ ದಿನ, ಯಾವ ಹೊತ್ತು ಅನ್ನೋದು ಅದರಲ್ಲೇ ಎದ್ದು ಕಾಣತ್ತೆ.

ಇನ್ನು ನೀರಿನ ಟೆಸ್ಟು. ಇಲ್ಲೇ ಎಲ್ಲರೂ ಎಡವೋದು. ಹಳೇ ಕೂಲ್‌ಡ್ರಿಂಕ್ ಬಾಟ್ಲಿಯಲ್ಲಿ ಹಿಡ್ಕೊಂಡು ಹೋಗಿ ನಾಲ್ಕು ದಿನ ಮನೇಲಿಟ್ಟು ಲ್ಯಾಬಿಗೆ ಕೊಟ್ರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರೀಕ್ಷಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಿಗೆ ಮುಂಚೇನೇ ಫೋನ್ ಮಾಡಿ ಬಾಟ್ಲಿ ಅವರ ಹತ್ರಾನೇ ಇಸ್ಕೊಳ್ಳಿ, ಯಾಕಂದ್ರೆ ಲೋಹ ನೋಡೋಕೆ ಬೇರೆ ಬಾಟ್ಲಿ, ಅದರಲ್ಲಿ ಆ್ಯಸಿಡ್ ಹಾಕಿರ್ತಾರೆ, ಅದನ್ನ ತೊಳೀಬಾರದು. ಮಾಮೂಲಿ ಬಾಟ್ಲಿ ಆದ್ರೆ ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಬೋರ್‌ವೆಲ್ ಆದ್ರೆ ಮೋಟರ್ ಹಾಕಿ ಐದತ್ತು ನಿಮಿಷ ಬಿಟ್ಟು ಆಮೇಲೆ ಹಿಡೀರಿ, ಇಲ್ಲಾಂದ್ರೆ ಪೈಪಲ್ಲಿ ನಿಂತ ನೀರು ಬರತ್ತೆ. ಐಸ್ ಡಬ್ಬೀಲಿಟ್ಟು ಅವತ್ತೇ ತಲುಪಿಸಿ, ಬಿಓಡಿ (ನೀರಿನ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಅಳತೆ) ಟೆಸ್ಟಿಗಂತೂ ತಡ ಮಾಡೋ ಹಂಗೇ ಇಲ್ಲ. ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಫ್ಯಾಕ್ಟರಿಗಿಂತ ಮೇಲ್ಗಡೆ ಒಂದು, ಕೆಳಗಡೆ ಒಂದು ಸ್ಯಾಂಪಲ್ ತಗೊಳ್ಳಿ, ಇದು ಮುಖ್ಯ. ಮೇಲೆ ಚೆನ್ನಾಗಿದ್ದ ನೀರು ಕೆಳಗೆ ಕೆಟ್ಟಿದೆ ಅಂತ ತೋರಿಸಿದ್ರೆ ಊರಿನ ಚರಂಡಿ ಮೇಲೆ ತಪ್ಪು ಹೊರಿಸೋಕಾಗಲ್ಲ.

ಹೊಳೆ ಕೆರೆಗೆ ಬಿಡೋ ನೀರಿನ ಸಾಮಾನ್ಯ ಮಿತಿ ಏನಂದ್ರೆ ಲೀಟರಿಗೆ ಬಿಓಡಿ 30 ಮಿಲಿಗ್ರಾಂ, ಸಿಓಡಿ (ಅದೇ ಥರದ ಅಳತೆ, ಆದ್ರೆ ಕೊಳೆ ಕರಗಿಸೋದು ಕೆಮಿಕಲ್ ಹಾಕಿ) 250, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋದು) 5.5ರಿಂದ 9. ಕುಡಿಯೋ ನೀರಿಗೆ ಪಿಎಚ್ 6.5ರಿಂದ 8.5, ಕ್ರೋಮಿಯಂ 0.05 ಮಿಲಿಗ್ರಾಂ ದಾಟಬಾರದು. ರಿಪೋರ್ಟ್ ಬಂದಾಗ ಇದರ ಪಕ್ಕ ಇಟ್ಟು ನೋಡಿ.

ಆದ್ರೆ ಒಂದ್ ಮಾತು. ನೀವು ಹಿಡಿದ ಸ್ಯಾಂಪಲ್ ಇಟ್ಕೊಂಡು 1974ರ ಜಲ ಕಾಯ್ದೇಲಿ ಶಿಕ್ಷೆ ಕೊಡಿಸೋಕಾಗಲ್ಲ. ಸೆಕ್ಷನ್ 21ರ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಅಧಿಕಾರೀನೇ ಫ್ಯಾಕ್ಟರಿಯವರಿಗೆ ನೋಟಿಸ್ ಕೊಟ್ಟು, ಅವರೆದುರಿಗೆ ನೀರು ಹಿಡಿದು, ಎರಡು ಭಾಗ ಮಾಡಿ ಸೀಲ್ ಹಾಕಿದ್ರೇನೇ ಅದು ಸಾಕ್ಷಿ. ನಿಮ್ಮ ರಿಪೋರ್ಟ್ ಇರೋದು ಆ ಅಧಿಕಾರೀನ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಕರೆಸೋಕೆ. ಹಂಗಾಗಿ ಅರ್ಜೀಲಿ "ಕ್ರಮ ಕೈಗೊಳ್ಳಿ" ಅನ್ನೋ ಬದಲು "ಮಳೆ ಬಂದ ರಾತ್ರಿ ಇಂಥ ಮೋರಿ ಹತ್ರ ಸೆಕ್ಷನ್ 21ರಡಿ ಮಾದರಿ ತೆಗೀರಿ, ಮಹಜರ್‌ಗೆ ನಮ್ಮನ್ನೂ ಕರೀರಿ" ಅಂತ ನೇರವಾಗಿ ಬರೀರಿ. ನೋಟ್‌ಬುಕ್ಕಿನ ಪುಟ, ಫೋಟೋ, ಲ್ಯಾಬ್ ರಿಪೋರ್ಟ್ ಎಲ್ಲ ಜೆರಾಕ್ಸ್ ಮಾಡಿ ಜೊತೆಗಿಡಿ. ಕೊಡೋದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ, ಒಂದು ಪ್ರತಿ ಡಿಸಿ ಆಫೀಸಿಗೆ. ಸೀಲು ತಾರೀಕು ಹಾಕಿಸ್ಕೊಂಡ ಸ್ವೀಕೃತಿ ಇಲ್ದೆ ಅಲ್ಲಿಂದ ಎದ್ದು ಬರಬೇಡಿ. ಸ್ಯಾಂಪಲ್ ಫೇಲಾಯ್ತು ಅಂದ್ರೆ ಸೆಕ್ಷನ್ 33ಎ ಇದೆ, ಮಂಡಳಿ ಫ್ಯಾಕ್ಟರಿ ಮುಚ್ಚಿಸಬಹುದು, ಕರೆಂಟು ನೀರು ಕಟ್ ಮಾಡಿಸಬಹುದು. ದಂಡಕ್ಕಿಂತ ಕರೆಂಟ್ ಕಟ್ ಅಂದ್ರೇನೇ ಮಾಲೀಕರಿಗೆ ಭಯ ಜಾಸ್ತಿ.

ಜೊತೆಗೇ ಆರ್‌ಟಿಐ ಹಾಕಿ, 10 ರೂಪಾಯಿ. ಕೇಳಬೇಕಾದ್ದು ಆ ಫ್ಯಾಕ್ಟರಿಯ ಸಿಎಫ್‌ಓ, ಅಂದ್ರೆ ನಡೆಸೋಕೆ ಕೊಟ್ಟ ಸಮ್ಮತಿ ಪತ್ರ, ಆಮೇಲೆ ಮೂರು ವರ್ಷದ ತಪಾಸಣೆ ವರದಿಗಳು. ಸಿಎಫ್‌ಓದಲ್ಲಿ ದಿನಕ್ಕೆ ಎಷ್ಟು ಸಾವಿರ ಲೀಟರ್ ಕೊಳಕು ನೀರು, ಅದನ್ನ ಎಲ್ಲಿಗೆ ಬಿಡಬೇಕು ಅಂತ ಬರೆದಿರತ್ತೆ. ಹೊರಗೆ ಒಂದು ಹನೀನೂ ಬಿಡಬಾರದು ಅನ್ನೋ ಷರತ್ತು ಇದ್ರೆ ನಿಮ್ಮ ಕೆಲಸ ಅರ್ಧ ಮುಗೀತು, ಆಮೇಲೆ ಬಿಓಡಿ ಸಿಓಡಿ ವಾದಾನೇ ಬೇಡ, ಪೈಪಲ್ಲಿ ನೀರು ಬಂತಾ ಇಲ್ವಾ ಅನ್ನೋದೊಂದೇ ಪ್ರಶ್ನೆ. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಕಥೆ ಬರೀಬೇಡಿ. 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ಮೇಲ್ಮನವಿ.

ಇದ್ಯಾವುದಕ್ಕೂ ಜಗ್ಗಲಿಲ್ಲ ಅಂದ್ರೆ ಹಸಿರು ನ್ಯಾಯಮಂಡಳಿ, ಎನ್‌ಜಿಟಿ. ನಮಗೆ ಚೆನ್ನೈ ಪೀಠ, ಆನ್‌ಲೈನಲ್ಲೇ ಫೈಲ್ ಮಾಡಬಹುದು, ಪರಿಹಾರ ಕೇಳದಿದ್ರೆ ಫೀಸು 1000 ರೂಪಾಯಿ, ವಕೀಲರು ಇಲ್ದೇನೂ ವಾದಿಸಬಹುದು (ಸಿಕ್ಕಿದ್ರೆ ಇಟ್ಕೊಳ್ಳಿ). ಗಡುವು ಮಾತ್ರ ಮರೀಬೇಡಿ, ತೊಂದರೆ ಶುರುವಾದ ಆರು ತಿಂಗಳೊಳಗೆ ಹೋಗಬೇಕು, ಕಾರಣ ಸರಿಯಿದ್ರೆ ಇನ್ನು 60 ದಿನ ಕೊಡ್ತಾರೆ. ಬೆಳೆ, ದನ, ಬಾವಿ ಹಾಳಾಗಿದ್ದಕ್ಕೆ ಪರಿಹಾರ ಅಂದ್ರೆ ಐದು ವರ್ಷ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ ಎನ್‌ಜಿಟಿ ತಾನಾಗೇ ಕೇಸ್ ತಗೊಳ್ತು, 2018ರ ಡಿಸೆಂಬರಲ್ಲಿ ಸರ್ಕಾರಕ್ಕೆ 500 ಕೋಟಿ ತೆಗೆದಿಡಿ ಅಂತ ಆದೇಶ ಆಯ್ತು. ನಮ್ಮ ನಿಮ್ಮೂರಿನ ಕೆರೆಗೆ ಬೆಂಕಿ ಬಿದ್ರೂ ಟಿವಿಯವರು ಬರಲ್ಲ, ಅದಕ್ಕೇ ಇಷ್ಟು ಕಾಗದ ಜೋಡಿಸೋದು.

ಫ್ಯಾಕ್ಟರಿ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿದೆ, ಡ್ರಮ್ಮು ಹೂತಿದಾರೆ, ಬೋರ್‌ವೆಲ್ ನೀರು ಹಳದಿ ಬರತ್ತೆ ಅನ್ನೋರಿಗೆ ದಾರಿ ಬೇರೆ. 2025ರ ಜುಲೈಯಲ್ಲಿ ಕಲುಷಿತ ಜಾಗಗಳಿಗೇ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನ ಇರೋ ಜಾಗಗಳ ಪಟ್ಟಿ ಕೊಡಬೇಕು, ಮಂಡಳಿ 90 ದಿನದೊಳಗೆ ಮೊದಲ ಪರಿಶೀಲನೆ ಮಾಡಬೇಕು, ಕೆಡಿಸಿದವರು ಸಿಕ್ಕಿದ್ರೆ ಸ್ವಚ್ಛ ಮಾಡೋ ಖರ್ಚು ಅವರದ್ದೇ. ಸೋ ನಿಮ್ಮ ಅರ್ಜಿ ಡಿಸಿಗೆ ಹೋಗ್ಲಿ, "ಈ ಸರ್ವೆ ನಂಬರನ್ನ ಪಟ್ಟಿಗೆ ಸೇರಿಸಿ" ಅಂತ. ಊರಿನ ಕಸದ ಗುಡ್ಡೆ, ಗಣಿ ಇದರಡಿ ಬರಲ್ಲ. ಬೇಗ ಆಗತ್ತೆ ಅಂತ ಮಾತ್ರ ಆಸೆ ಇಟ್ಕೋಬೇಡಿ, ಈ ನಿಯಮ ಬರೋ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದು 103 ಜಾಗ, ಕೆಲಸ ಶುರುವಾಗಿದ್ದು 7 ಕಡೆ.

ಅಲ್ಲೀವರೆಗೂ ಆ ಬೋರ್‌ವೆಲ್ ನೀರು ಕುಡೀಬೇಡಿ, ಅಡುಗೆಗೂ ಬೇಡ. ಕಾಯಿಸಿ ಕುಡೀತೀವಿ ಅಂತಾರೆ ನಮ್ಮ ಅಜ್ಜಿಯಂದಿರು, ಕಾಯಿಸಿದ್ರೆ ಕ್ರಿಮಿ ಸಾಯತ್ತೆ, ಲೋಹ ಎಲ್ಲಿಗೂ ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗತ್ತೆ. ಲ್ಯಾಬ್ ರಿಪೋರ್ಟಿನ ಇನ್ನೊಂದು ಜೆರಾಕ್ಸ್ ಪಂಚಾಯ್ತಿ ಪಿಡಿಓಗೆ ಕೊಟ್ಟು ಬೇರೆ ಕಡೆಯಿಂದ ಟ್ಯಾಂಕರ್ ನೀರು ಕೇಳಿ, ಅದಕ್ಕೂ ಸ್ವೀಕೃತಿ ತಗೊಳ್ಳಿ.