ಇಂಗ್ಲೆಂಡಿನ ಜಿಪಿ ಹತ್ತಿರ ಬರೀ ‘ಸೊಂಟನೋವು’ ಅಂತ ಹೇಳಿ ಬರಬೇಡಿ

ಜಿಪಿ (ನಮ್ಮ ಏರಿಯಾದ ಸಾಮಾನ್ಯ ವೈದ್ಯರು) ನೋಂದಣಿ, ವೀಸಾ ಜೊತೆ ಕಟ್ಟುವ ಹೆಲ್ತ್ ಸರ್‌ಚಾರ್ಜ್, ಇವೆಲ್ಲ ಇಲ್ಲಿಗೆ ಬಂದ ಎಲ್ಲರಿಗೂ ಗೊತ್ತು. ಅದನ್ನು ಬಿಡೋಣ. ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಎಡವುವುದು ಬೇರೆ ಜಾಗದಲ್ಲಿ: ಸೊಂಟನೋವಿನ ಹಿಂದೆ ‘ಟೆದರ್ಡ್ ಕಾರ್ಡ್’, ಅಂದರೆ ಕೆಳಗೆ ಅಂಟಿಕೊಂಡು ಎಳೆತಕ್ಕೆ ಸಿಕ್ಕ ಬೆನ್ನುಹುರಿ, ಇದ್ದಾಗ.

ಊರಲ್ಲಾದರೆ ಸೊಂಟನೋವು ಜಾಸ್ತಿಯಾದಾಗ ನೇರ ನ್ಯೂರೋ ಡಾಕ್ಟರ ಹತ್ತಿರ ಹೋಗುತ್ತೇವೆ. ದುಡ್ಡು ಕಟ್ಟಿದರೆ ಬೇಗನೆ ಎಂಆರ್‌ಐ ಆಗುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಇಲ್ಲಿ ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆ) ನ್ಯೂರೋಸರ್ಜನ್ ಮುಖ ನೋಡಬೇಕಾದರೆ ಸಾಮಾನ್ಯವಾಗಿ ಜಿಪಿ ಪತ್ರ ಬೇಕು. ಆ ಪತ್ರದಲ್ಲಿ ಏನಿದೆ ಎನ್ನುವುದರ ಮೇಲೆ ನೀವು ಯಾವ ಸಾಲಿನಲ್ಲಿ ನಿಲ್ಲುತ್ತೀರಿ ಎಂದು ತೀರ್ಮಾನವಾಗುತ್ತದೆ.

ಟೆದರ್ಡ್ ಕಾರ್ಡ್ ಅಂದರೆ ಇಷ್ಟು: ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲೆರಡು ಮಣಿಗಳ ಮಟ್ಟದಲ್ಲಿ ಮುಗಿಯುತ್ತದೆ. ಅದರ ತುದಿಯಿಂದ ಫೈಲಮ್ ಎಂಬ ಸಣ್ಣ ಎಳೆ ಕೆಳಗಿಳಿಯುತ್ತದೆ. ಆ ಎಳೆ ದಪ್ಪಗಾಗಿದ್ದರೆ, ಅದರಲ್ಲಿ ಕೊಬ್ಬು ಸೇರಿದ್ದರೆ, ಇಲ್ಲವೇ ಮಗುವಾಗಿದ್ದಾಗ ಬೆನ್ನಿಗೆ ಮಾಡಿದ ಆಪರೇಷನ್ನಿನ ಗಾಯದ ಅಂಗಾಂಶಕ್ಕೆ ಹುರಿ ಅಂಟಿಕೊಂಡಿದ್ದರೆ, ಅದು ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ಕರುವಿನಂತೆ ಬಗ್ಗಿದಾಗೆಲ್ಲ ಎಳೆತಕ್ಕೆ ಸಿಗುತ್ತದೆ. ಹುಟ್ಟಿನಿಂದಲೇ ಇದ್ದರೂ ತೊಂದರೆ ಎಷ್ಟೋ ವರ್ಷಗಳ ಮೇಲೆ ಶುರುವಾಗಬಹುದು.

ಈಗ ನಾವು ಎಡವುವ ಆ ಜಾಗದ ವಿಷಯ. ನಾವು ಮೂತ್ರದ ಮಾತು ಆಡುವುದಿಲ್ಲ. ಹೊಸನಗರ ಕಡೆಯ ಹುಡುಗನೊಬ್ಬ ಇಲ್ಲಿ ಗೋದಾಮಿನಲ್ಲಿ ಕೆಲಸಕ್ಕಿದ್ದ. ಸೊಂಟ, ಎರಡೂ ಕಾಲು ನೋವು. ಚಿಕ್ಕಂದಿನಿಂದ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಿದ್ದಕ್ಕೇ ಹೀಗೆ ಅಂತ ಅವನೇ ನಿರ್ಧರಿಸಿಬಿಟ್ಟಿದ್ದ. ಜಿಪಿಗೂ ಅದನ್ನೇ ಹೇಳಿದ. ಹತ್ತು ನಿಮಿಷದ ಭೇಟಿ, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ಅಂತ ಬರೆದು ಫಿಸಿಯೋಗೆ ಕಳಿಸಿದರು. ಫಿಸಿಯೋ ಕೊಟ್ಟ ಫಾರಂನಲ್ಲಿ ‘ಮೂತ್ರದಲ್ಲಿ ಬದಲಾವಣೆ ಇದೆಯಾ?’ ಎಂಬ ಪ್ರಶ್ನೆ ಇತ್ತು. ಇಲ್ಲ ಅಂತ ಟಿಕ್ ಹಾಕಿದ. ರಾತ್ರಿ ಪದೇ ಪದೇ ಏಳುತ್ತಿದ್ದ, ಹೋಗಿ ಬಂದರೂ ಪೂರ್ತಿ ಖಾಲಿಯಾದಂತೆ ಅನ್ನಿಸುತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ! ಮುಂದೆ ಬಗ್ಗುವ ವ್ಯಾಯಾಮ ಮಾಡಿದಷ್ಟೂ ನೋವು ಜಾಸ್ತಿಯಾಯಿತು. ಕೊನೆಗೆ ಅವನ ಅಮ್ಮ ಫೋನಿನಲ್ಲಿ, ‘ಹುಟ್ಟಿದಾಗ ನಿಂಗೆ ಸೊಂಟದ ಕೆಳಗೆ ಕೂದಲಿನ ಗೊಂಚಲು ಇತ್ತಲ್ಲೋ, ಡಾಕ್ಟರಿಗೆ ಹೇಳಿದ್ಯಾ?’ ಅಂದರಂತೆ. ಅಷ್ಟೊತ್ತಿಗೆ ವರ್ಷ ಕಳೆಯುತ್ತಾ ಬಂದಿತ್ತು.

ಆದ್ದರಿಂದ ಜಿಪಿ ಹತ್ತಿರ ಹೋಗುವ ಮೊದಲು ಮನೆಗೆ ಫೋನ್ ಮಾಡಿ. ಬೆನ್ನಿನ ಕೆಳಗೆ ಗುಳಿ, ಮಚ್ಚೆ, ಕೂದಲು, ಮೆತ್ತನೆ ಗಂಟು ಇತ್ತಾ? ಮಗುವಾಗಿದ್ದಾಗ ಏನಾದರೂ ಆಪರೇಷನ್ ಆಗಿತ್ತಾ? ಇವು ಟೆದರ್ಡ್ ಕಾರ್ಡಿನ ಸುಳಿವಾಗಿರಬಹುದು. ಮದುವೆ ಮಾತುಕತೆ ಕೆಡುತ್ತದೆ ಅಂತ ಮನೆಯವರು ಇಂಥದ್ದನ್ನು ಮುಚ್ಚಿಟ್ಟಿರುವುದೂ ಉಂಟು. ಪಾದದ ಕಮಾನು ಜಾಸ್ತಿ ಎದ್ದಿದ್ದರೆ, ಬೆನ್ನು ಓರೆ ಇದ್ದರೆ, ಕಾಲು ಸೋಲುತ್ತಿದ್ದರೆ, ಲೈಂಗಿಕ ತೊಂದರೆ ಇದ್ದರೆ, ಎಲ್ಲವನ್ನೂ ಕಾಗದದಲ್ಲಿ ಬರೆದು ಒಯ್ಯಿರಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಕಾಗದ ಕೊಡಿ. ಇಂಗ್ಲಿಷ್ ಕಷ್ಟವಾದರೆ ಉಚಿತವಾಗಿ ದುಭಾಷಿಯನ್ನು ಕೇಳಬಹುದು. ಅತ್ತೆಯ ವಿಷಯಕ್ಕೆ ಅಳಿಯನನ್ನು ದುಭಾಷಿ ಮಾಡಿದರೆ ಅವರು ಬಾಯಿ ಬಿಡುತ್ತಾರಾ?

ಒಂದು ವಿಷಯಕ್ಕೆ ಮಾತ್ರ ಪತ್ರಕ್ಕೂ ಕಾಯಬೇಡಿ. ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಮೂತ್ರ ಬಾರದೆ ನಿಂತುಹೋದರೆ, ಮಲ ಹಿಡಿತ ತಪ್ಪಿದರೆ, ಎರಡೂ ಕಾಲಿನ ಶಕ್ತಿ ಕುಸಿದರೆ, ಅವತ್ತೇ ಆಸ್ಪತ್ರೆಯ ಎ ಅಂಡ್ ಇಗೆ (ತುರ್ತು ಚಿಕಿತ್ಸಾ ವಿಭಾಗ) ಹೋಗಿ, ಇಲ್ಲವೇ ಆಂಬುಲೆನ್ಸಿಗಾಗಿ 999ಕ್ಕೆ ಫೋನ್ ಮಾಡಿ. ಅದು ಟೆದರ್ಡ್ ಕಾರ್ಡೋ, ಜಾರಿದ ಡಿಸ್ಕೋ ಎಂದು ನೀವು ಮನೆಯಲ್ಲಿ ಕೂತು ತೀರ್ಮಾನಿಸುವುದು ಬೇಡ.

ಸ್ಕ್ಯಾನ್ ವಿಷಯದಲ್ಲಿ ನಮ್ಮೂರೇ ಮೇಲು, ಅನುಮಾನವೇ ಇಲ್ಲ. ರಜೆಗೆ ಹೋದಾಗ ಎಂಆರ್‌ಐ ಮಾಡಿಸಿಕೊಂಡು ಬರುವವರು ಬಹಳ. ಬರೀ ಫಿಲ್ಮ್ ಮತ್ತು ರಿಪೋರ್ಟ್ ತರಬೇಡಿ, ಚಿತ್ರಗಳ ಸಿಡಿ ಕೇಳಿ ತನ್ನಿ. ಇಲ್ಲಿನ ಸರ್ಜನ್ ತಾವೇ ಚಿತ್ರ ನೋಡಬೇಕು. ಹುರಿ ಎಲ್ಲಿ ಮುಗಿದಿದೆ, ಫೈಲಮ್ 2 ಮಿಲಿಮೀಟರಿಗಿಂತ ದಪ್ಪ ಇದೆಯಾ, ಅದರಲ್ಲಿ ಕೊಬ್ಬು ಇದೆಯಾ ಎನ್ನುವುದು ಮುಖ್ಯ. ‘ಡಿಸ್ಕ್ ಬಲ್ಜ್’ (ಮಣಿಗಳ ನಡುವಿನ ಡಿಸ್ಕ್ ಉಬ್ಬಿದೆ) ಎಂಬ ಒಂದು ಸಾಲು ಓದಿ ಸುಮ್ನೆ ಸಮಾಧಾನವಾಗಬೇಡಿ. ಹುರಿ ಸರಿಯಾದ ಮಟ್ಟದಲ್ಲೇ ಮುಗಿದಿದ್ದರೆ ಅದನ್ನು ಎಳೆತದಿಂದ ಬಿಡಿಸುವ ಆಪರೇಷನ್ ಬೇಕೋ ಬೇಡವೋ ಎಂದು ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಆಗ ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಮೂತ್ರಕೋಶದ ಯೂರೋಡೈನಮಿಕ್ಸ್ ಪರೀಕ್ಷೆ (ಅದು ಹೇಗೆ ತುಂಬಿ ಖಾಲಿಯಾಗುತ್ತದೆ ಎಂದು ಅಳೆಯುವುದು), ಆಪರೇಷನ್, ಆಮೇಲಿನ ಫಿಸಿಯೋ, ಮೂತ್ರ-ಮಲ ಹಿಡಿತದ ತೊಂದರೆ ನೋಡುವ ಕಾಂಟಿನೆನ್ಸ್ ನರ್ಸ್, ಇವೆಲ್ಲಕ್ಕೆ ನಾನು ಇಲ್ಲಿನ ವ್ಯವಸ್ಥೆಯನ್ನೇ ಆರಿಸುತ್ತೇನೆ. ಬಿಲ್ ಬರುವುದಿಲ್ಲ. ಆಪರೇಷನ್ನಿನಲ್ಲಿ ನರಗಳ ಮೇಲೆ ಕಣ್ಣಿಡುವ ಮಾನಿಟರಿಂಗ್ ಇರುತ್ತದಾ ಎಂದು ಕೇಳಿ. ನೋವು ಇಳಿಯುವುದು ಹೆಚ್ಚು, ಮೂತ್ರದ ತೊಂದರೆ ಪೂರ್ತಿ ಸರಿಹೋಗುವುದು ಕಡಿಮೆ. ಬೆನ್ನುಹುರಿಯ ದ್ರವ ಸೋರುವ, ಹುರಿ ಮತ್ತೆ ಅಂಟಿಕೊಳ್ಳುವ ಅಪಾಯವೂ ಇದೆ.

ಜಿಪಿ ಪತ್ರದಿಂದ ಚಿಕಿತ್ಸೆ ಶುರುವಾಗುವವರೆಗೆ 18 ವಾರ ಎಂಬ ಎನ್‌ಎಚ್‌ಎಸ್ ಗುರಿ ನಂಬಿ ಲೆಕ್ಕ ಹಾಕಬೇಡಿ, ಕಾಯುವುದು ಜಾಸ್ತಿಯೇ. ಆ ನಡುವೆ ಅಡಿಕೆ ಕೊಯ್ಲಿಗೋ ತಂಗಿ ಮದುವೆಗೋ ಊರಿಗೆ ಹೋಗುವುದಿದ್ದರೆ ಮೊದಲೇ ಫೋನ್ ಮಾಡಿ ತಾರೀಕು ಬದಲಿಸಿ. ಮನೆ ಬದಲಿಸಿದ್ದರೆ ವಿಳಾಸವನ್ನೂ ತಿಳಿಸಿ. ಹೇಳದೆ ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ನಿಮ್ಮನ್ನು ಪಟ್ಟಿಯಿಂದ ತೆಗೆದು ಜಿಪಿಗೆ ವಾಪಸ್ ಕಳಿಸಬಹುದು. ಆಮೇಲೆ ಮತ್ತೆ ಹೊಸ ಪತ್ರ, ಹೊಸ ಸಾಲು.